ಹೊಳೆಪ್ಪನ ಟ್ರಂಪೆಟ್ ಸುಮ್ಮನಿದ್ದ ಹೊತ್ತು

ಗುಡಗೇರಿಯ ಯುನೂಸ್ ಕಾಕಾನ ಮದುವೆ ಬ್ಯಾಂಡಿಗೆ ಕೆಂಪು ಕೋಟು ಹೊಲಿಯುವವನು ನಾನು. ಹಾಗಾಗಿ ಆ ಬ್ಯಾಂಡಿನಲ್ಲಿ ಯಾರ ಹೊಟ್ಟೆ ಎಷ್ಟು ಮುಂದೆ ಬಂದಿದೆ ಎಂಬುದು ಅವರವರ ಹೆಂಡಂದಿರಿಗಿಂತ ನನಗೆ ಚೆನ್ನಾಗಿ ಗೊತ್ತು. ಹೊಳೆಪ್ಪನ ಕೋಟಿಗೆ ಮಾತ್ರ ಎದೆಯ ಹತ್ತಿರ ಬಟ್ಟೆ ಹೆಚ್ಚು ಬೇಕು. ಇಪ್ಪತ್ತು ವರ್ಷ ಟ್ರಂಪೆಟ್ ಊದಿ ಅಗಲವಾದ ಎದೆ ಅದು. ಹನುಮಪ್ಪನ ಗುಡಿಯಿಂದ ಮದುವೆ ಹಂದರದವರೆಗೆ ಮೆರವಣಿಗೆ ಸಾಗುವಾಗ ಸದ್ದು ಎಲ್ಲೂ ನಿಲ್ಲದಂತೆ ನೋಡಿಕೊಳ್ಳುವುದು ಅವನ ಪಾಲಿನ ಕೆಲಸ. ನಮ್ಮೂರಲ್ಲಿ ಬ್ಯಾಂಡ್ ನಿಂತಿತೆಂದರೆ ಮದುಮಗ ಬಾಗಿಲಿಗೆ ಬಂದನೆಂದೇ ಲೆಕ್ಕ. ಒಳಗಿನ ಹೆಂಗಸರು ಆರತಿ ಹಿಡಿದು ಹೊರಗೆ ಬರುತ್ತಾರೆ.

ಇಂಥವನಿಗೆ ಫಂಕ್ ಸಂಗೀತದ ಹುಚ್ಚು ಹಿಡಿಯಿತು. ಧಾರವಾಡದಲ್ಲಿ ಒಂದು ಮದುವೆ ಮುಗಿಸಿ ಟೆಂಪೊ ಕಾಯುತ್ತಿದ್ದಾಗ ಬಾಜು ಮೈದಾನದಿಂದ ಏನೋ ಕೇಳಿಸಿತಂತೆ. ಕೆಂಪು ಕೋಟಿನಲ್ಲೇ ಒಳಗೆ ನುಗ್ಗಿದ್ದಾನೆ. ಮರುದಿನ ನನ್ನ ಅಂಗಡಿಗೆ ಬಂದವನು ಕೂತುಕೊಳ್ಳಲೂ ಇಲ್ಲ.

"ಅಲ್ರೀ ಮಾಸ್ತರ, ಎಲ್ಲಾರೂ ಕೂಡಿ ಒಂದ್ ಪೆಟ್ಟು ಹೊಡಿತಾರ್ರಿ. ಆಮ್ಯಾಲ ಸುಮ್ನ ನಿಂತಬಿಡ್ತಾರ. ನಿಂತಾಗಽ ಮಂದಿ ಹೆಚ್ಚಿಗಿ ಕುಣೀತಾರ್ರಿ! ಸಪ್ಪಳಿಲ್ದ ಹೆಂಗ ಕುಣೀತಾರ ಅಂತೀನಿ?"

"ಊಟ ಮಾಡಿದ್ದಿಲ್ಲೋ? ತಲಿ ತಿರಗಿರಬೇಕು," ಎಂದೆ.

ಅವನು ನಗಲಿಲ್ಲ. ಅದು ಅಮೆರಿಕದ ಕರಿಯ ಜನರು ಕಟ್ಟಿದ ಕುಣಿತದ ಸಂಗೀತವೆಂದು ಯಾರನ್ನೋ ಕೇಳಿ ತಿಳಿದುಕೊಂಡು ಬಂದ. ಅದರಲ್ಲಿ ಡ್ರಮ್ಮು, ಬೇಸ್ ಗಿಟಾರಿನದೇ ದರ್ಬಾರು. ಟ್ರಂಪೆಟಿನವರು ನಡುನಡುವೆ ಚುಟುಕಾಗಿ ಊದಿ ಬಾಯಿ ಮುಚ್ಚಿಕೊಳ್ಳಬೇಕು. ಆ ಬಾಯಿ ಮುಚ್ಚುವುದರಲ್ಲಿ ಏನಿದೆ ಎಂಬುದೇ ಅವನಿಗೆ ಬಗೆಹರಿಯದ ವಿಷಯ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಎಲ್ಲಿ ಫಂಕ್ ಇದ್ದರೂ ಹೋಗಿ ಎದುರಿಗೆ ನಿಂತ. "ಮದುವಿ ಇಲ್ಲದ ದಿನಾರೆ ಮನ್ಯಾಗ ಇರ್ತಾರಂತ ಮಾಡಿದ್ದೆ. ಈಗ ಅದೂ ಹೋತು," ಎಂದು ಅವನ ಹೆಂಡತಿ ಸುಶೀಲವ್ವ ನನ್ನ ಮುಂದೆ ಗೊಣಗಿದಳು.

ಹುಬ್ಬಳ್ಳಿಯ ಫಂಕ್ ತಂಡವೊಂದರ ಮುಖ್ಯಸ್ಥ ನದೀಮ್, ಬೇಸ್ ಗಿಟಾರ್ ಬಾರಿಸುವ ಹುಡುಗ. ಪ್ರತಿ ಸಲವೂ ಎದುರಿಗೇ ನಿಂತು, ಕಣ್ಣು ಮುಚ್ಚಿ, ವಾದ್ಯದ ಗುಂಡಿ ಒತ್ತುವವನಂತೆ ಹೊಟ್ಟೆಯ ಮೇಲೆ ಬೆರಳು ಒತ್ತುತ್ತಿದ್ದ ಈ ಮನುಷ್ಯನನ್ನು ಅವನು ಗಮನಿಸಿದ್ದ. ಏನು ಬಾರಿಸುತ್ತೀರೆಂದು ಕೇಳಿ ಪ್ರಾಕ್ಟೀಸಿಗೆ ಕರೆದ. ಹೊಳೆಪ್ಪ ಹಾರಿಕೊಂಡು ಹೋದವನು ಸಂಜೆ ಮೋರೆ ಸಪ್ಪಗೆ ಮಾಡಿಕೊಂಡು ಬಂದ. ಎಲ್ಲರೂ ನಿಲ್ಲಿಸಬೇಕಾದ ಕಡೆ ಇವನೊಬ್ಬನದು ನಿಲ್ಲುತ್ತಲೇ ಇರಲಿಲ್ಲವಂತೆ. ಇಪ್ಪತ್ತು ವರ್ಷದ ರೂಢಿ, ಬಿಡುವು ಕಂಡರೆ ಉಸಿರು ತಾನೇ ಟ್ರಂಪೆಟಿನೊಳಗೆ ಹೋಗುತ್ತಿತ್ತು. ಕೊನೆಗೆ ನದೀಮ್ ಹೇಳಿದ್ದನಂತೆ: "ಹೊಳೆಪ್ಪಣ್ಣ, ನಿಮ್ಮ ಸುರ ಅಗದಿ ಚಲೋ ಐತ್ರಿ. ಆದ್ರ ಬರೂ ಐತವಾರ ಪ್ರೋಗ್ರಾಮ್ ಐತಿ. ಅಷ್ಟರಾಗ ಸುಮ್ನ ನಿಲ್ಲೂದು ಕಲೀರಿ. ಇಲ್ಲಾಂದ್ರ ನಾನು ಬ್ಯಾರೆಯವ್ರನ್ನ ನೋಡಬೇಕಾಗತೈತಿ."

"ಊದಾಕ ಬರೂದಿಲ್ಲ ಅಂದಿದ್ರ ಒಪ್ಪತಿದ್ದೆ ಮಾಸ್ತರ. ಸುಮ್ನ ನಿಲ್ಲಾಕ ಬರೂದಿಲ್ಲ ಅಂದ್ರ ಏನ್ ಮಾಡ್ಲಿ?" ಎಂದ. ಕಣ್ಣಲ್ಲಿ ನೀರಿತ್ತು. ನನಗೆ ಪಾಪ ಎನಿಸಿತು, ನಗುವೂ ಬಂತು.

ಆ ವಾರ ನಮ್ಮೂರಿನ ಹುಡುಗ ಸಂಗನಬಸವನ ಮದುವೆ. ಹೊಳೆಪ್ಪ ಯುನೂಸ್ ಕಾಕಾನಿಗೆ ಗೊತ್ತಾಗದಂತೆ ಉಳಿದವರನ್ನೆಲ್ಲ ಒಪ್ಪಿಸಿದ್ದ: ತಾನು ತಲೆ ಆಡಿಸಿದಾಗ ಎಲ್ಲರೂ ನಿಲ್ಲಿಸಬೇಕು, ತಾಳದ ಒಂದು ಸುತ್ತು ಬಿಟ್ಟು ಮತ್ತೆ ಶುರುಮಾಡಬೇಕು. ಮೆರವಣಿಗೆ ಪೇಟೆ ದಾಟಿ, ಮದುವೆಗೆ ಸಂಬಂಧವೇ ಇಲ್ಲದ ಹನಮವ್ವನ ಮನೆ ಮುಂದೆ ಬಂದಿತ್ತು. ತಲೆ ಆಡಿಸಿದ. ಬ್ಯಾಂಡ್ ಗಪ್ಪಾಯಿತು. ಕುಣಿಯುತ್ತಿದ್ದ ಹುಡುಗರು ಒಂದು ಕಾಲೆತ್ತಿಕೊಂಡೇ ನಿಂತರು. ಹನಮವ್ವನ ಬಾಗಿಲು ತೆರೆಯಿತು. ಸೆರಗು ಸರಿಮಾಡಿಕೊಳ್ಳುತ್ತ, ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಆರತಿ ತಟ್ಟೆ ಹಿಡಿದು ಆಕೆ ಓಡೋಡಿ ಬಂದಳು. "ನಮ್ಮ ಮನಿಗ್ಯಾಕ ಬಂದ್ರೋ ಯಪ್ಪಾ! ಇರಲಿ, ಬಾಗಲಕ್ಕ ಬಂದ ಮದಿಮಗನ್ನ ಹಂಗಽ ನಿಂದರಸಬಾರ್ದು," ಎಂದು ಸಂಗನಬಸವನ ಕಾಲಿಗೆ ನೀರು ಹಾಕಿದಳು. ಇದನ್ನೆಲ್ಲ ನೋಡುತ್ತ ಬ್ಯಾಂಡಿನವರು ಎಣಿಕೆ ಮರೆತಿದ್ದರು, ಗಾಬರಿಯಾದ ಹೊಳೆಪ್ಪ ಎಲ್ಲರಿಗಿಂತ ಮೊದಲೇ ಊದಿಬಿಟ್ಟ.

ಅಲ್ಲಿಗೆ ಮುಗಿಯಲಿಲ್ಲ. ಹನಮವ್ವ ಆರತಿ ಮಾಡಿದ ಮೇಲೆ ತಾವು ಬಿಟ್ಟರೆ ಹೇಗೆ ಎಂದು ಬಾಜು ಮನೆಯವರೂ ತಟ್ಟೆ ಹಿಡಿದು ನಿಂತರು. ಅವರನ್ನು ಕಂಡು ಅವರಾಚೆಯವರು. ಓಣಿ ಮುಗಿಯುವಷ್ಟರಲ್ಲಿ ಮದುಮಗನ ಹಣೆ ಕುಂಕುಮದಲ್ಲಿ ಮುಚ್ಚಿಹೋಗಿತ್ತು, ಅಕ್ಕಿಕಾಳು ಬೀಳುವ ಮುಹೂರ್ತವೂ ಮೀರಿತ್ತು. ಹಂದರದಲ್ಲಿ ಕಾಯುತ್ತಿದ್ದ ಬೀಗರು ಉರಿಯುತ್ತಿದ್ದರು.

"ಉಸರ ಮುಗೀತೇನ್ಲೇ ನಿಂದು?" ಯುನೂಸ್ ಕಾಕಾ ಕೂಗಿದ.

"ಇಲ್ರಿ ಕಾಕಾ, ಇದು ಫಂಕ್ ರೀ."

"ನಿನ್ನ ಫಂಕಿಗಿಷ್ಟ ಬೆಂಕಿ ಹಚ್ಚ!"

ಐತವಾರದ ಕಾರ್ಯಕ್ರಮಕ್ಕೆ ಹುಬ್ಬಳ್ಳಿಗೆ ನಾನೂ ಹೋದೆ. ಹೊಳೆಪ್ಪನಿಗೆ ನೀಲಿ ಸ್ಯಾಟಿನ್ ಅಂಗಿ ಹೊಲಿದುಕೊಟ್ಟಿದ್ದೆ, ಅದು ಸ್ಟೇಜಿನ ಮೇಲೆ ಹೇಗೆ ಕಾಣುತ್ತದೋ ನೋಡಬೇಕಿತ್ತು ಎನ್ನುವುದು ನೆಪ. ಸುಮ್ಮನಿದ್ದರೆ ಮಂದಿ ಹೇಗೆ ಕುಣಿಯುತ್ತಾರೆ ಎಂಬ ಅವನ ಪ್ರಶ್ನೆ ನನ್ನ ತಲೆಗೂ ಹೊಕ್ಕಿತ್ತು. ಮೊದಲ ಹಾಡು ಶುರುವಾಯಿತು. ಬೇಸ್ ಗಿಟಾರಿನ ಸದ್ದು ಕಿವಿಗಿಂತ ಮೊದಲು ಪಕ್ಕೆಲುಬಿಗೆ ಬಡಿಯಿತು. ನಗಬೇಡಿ, ಐವತ್ತೆಂಟರ ನನ್ನ ಮೊಣಕಾಲುಗಳೂ ತಾಳಕ್ಕೆ ಅಲ್ಲಾಡತೊಡಗಿದವು.

ಆಮೇಲೆ ಆ ಬಿಡುವು ಬಂತು. ಎಲ್ಲ ವಾದ್ಯಗಳೂ ಒಮ್ಮೆಲೇ ನಿಂತವು. ಹೊಳೆಪ್ಪನ ತುಟಿ ಟ್ರಂಪೆಟಿನ ಮೇಲೇ ಇತ್ತು. ಕೆನ್ನೆ ಉಬ್ಬುತ್ತದೇನೋ ಎಂದು ನಾನು ಉಸಿರು ಹಿಡಿದೆ. ಉಬ್ಬಲಿಲ್ಲ. ಎದೆ ಏರಲಿಲ್ಲ. ಗೆದ್ದ ಮಗ ಎಂದುಕೊಂಡೆ.

ನದೀಮ್ ಗಿಟಾರ್ ಎತ್ತಿ ಇಳಿಸಿದ. ಉಳಿದವರೆಲ್ಲ ಒಟ್ಟಿಗೆ ಶುರುಮಾಡಿದರು. ಹೊಳೆಪ್ಪ ಮಾತ್ರ ಹಾಗೇ ನಿಂತಿದ್ದ. ಟ್ರಂಪೆಟ್ ಎದೆಯವರೆಗೆ ಇಳಿದಿತ್ತು, ಬಾಯಿ ತೆರೆದಿತ್ತು, ಕಣ್ಣು ಕೆಳಗೆ ಕುಣಿಯುವವರ ಮೇಲಿತ್ತು.

"ಊದಲೇ ಹೊಳೆಪ್ಪಾ!" ನಾನೇ ಕಿರಿಚಿದೆ.

ಬೆಚ್ಚಿಬಿದ್ದು ಮುಂದಿನ ಪೆಟ್ಟಿಗೆ ಸೇರಿಕೊಂಡ. ಆಮೇಲೆ ಕೊನೆಯ ಹಾಡಿನವರೆಗೂ ಎಲ್ಲಿಯೂ ತಪ್ಪಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಸ್ಟೇಜಿನ ಹಿಂದೆ ಅಪರಾಧಿಯಂತೆ ನಿಂತಿದ್ದ. ನದೀಮ್ ಹತ್ತಿರ ಬಂದು, "ಯಾಕ್ರಿ ಅಣ್ಣಾ, ಮೊದಲನೇ ಹಾಡಿನ್ಯಾಗ ಊದಲೇ ಇಲ್ಲಲ್ಲ?" ಎಂದು ಕೇಳಿದ.

"ತಪ್ಪಾತ್ರಿ. ಇಪ್ಪತ್ ವರ್ಷಾತು ಮಂದೀನ ಕುಣಸಾಕತ್ತಿ. ಅವರ ಕಾಲಿನ ಸಪ್ಪಳ ನಾ ಒಮ್ಮೀನೂ ಕೇಳಿದ್ದಿಲ್ಲರಿ. ನಂದಽ ಸಪ್ಪಳದಾಗ ಮುಚ್ಚಿಹೋಗತಿತ್ತು. ಇವತ್ತ ಎಲ್ಲಾ ಸಪ್ಪಳ ನಿಂತಾಗ ಕೇಳಿಸ್ತು. ಕೇಳಕೋತ ನಿಂತಬಿಟ್ಟೆ."

ನದೀಮ್ ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ.

"ಬರೂ ತಿಂಗಳ ಬೆಳಗಾವ್ಯಾಗ ಐತಿ," ಎಂದ. "ಬರ್ರಿ. ಕೇಳ್ರಿ, ಆದ್ರ ಊದೂದು ಮರೀಬ್ಯಾಡ್ರಿ."