ಗೋಲು ಬಿಟ್ಟವರು

ಅವರ ಎಡಗೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಮಾತು ಬಿಟ್ಟಂತೆ ಹೊರಕ್ಕೆ ತಿರುಗಿಕೊಂಡಿತ್ತು. ಟೀ ಲೋಟ ಹಿಡಿದಾಗಲೂ, ಸ್ಕ್ರೂಡ್ರೈವರ್ ತಿರುಗಿಸುವಾಗಲೂ ಅದೊಂದು ದೂರವೇ ನಿಂತಿರುತ್ತಿತ್ತು. ಮಳೆಯಲ್ಲಿ ನೆನೆದು ಕಲ್ಲಿನ ಹಾಗಾಗಿದ್ದ ಚೆಂಡನ್ನು ತಡೆಯಲು ಹೋಗಿ ಯಾವತ್ತೋ ಮುರಿದದ್ದಂತೆ. ಆಟ ಮುಗಿಯುವವರೆಗೆ ಯಾರಿಗೂ ಹೇಳಲಿಲ್ಲ, ಆಮೇಲೆ ಆಸ್ಪತ್ರೆಗೆ ಹೋಗಲು ಬೇಜಾರಾಯಿತು, ಬೆರಳು ತನಗೆ ತೋಚಿದ ಹಾಗೆ ಕೂಡಿಕೊಂಡಿತು.

ಗೋಲ್‌ಕೀಪರ್ ಎಂಬ ಪದ ಹಲಸೂರಿನ ನಮ್ಮ ಬೀದಿಯ ಬಾಯಲ್ಲಿ ಸವೆದು ‘ಗೋಲಿ’ ಆಗಿತ್ತು. ನಾನು ಅವರನ್ನು ಗೋಲಿಯಣ್ಣ ಎಂದೇ ಕರೆಯುತ್ತಿದ್ದೆ. ನಾವು ಕಲಬುರಗಿ ಕಡೆಯಿಂದ ಬಂದು ಆ ವಠಾರದಲ್ಲಿ ಒಂದು ರೂಮು ಹಿಡಿದಾಗ ನಾನು ಹುಡುಗಿಯರ ಕಾಲೇಜಿನಲ್ಲಿ ಪಿಯುಸಿಗೆ ಸೇರಿದ್ದೆ. ಅಪ್ಪ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದರು, ಅವ್ವ ಎರಡು ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ನಮ್ಮ ಗೋಡೆಯ ಆಚೆ ಅವರ ರೂಮು. ಅದರ ಹಿಂದೆ ಮೈದಾನದ ಕಾಂಪೌಂಡು. ಬಾಗಿಲ ಮೆಟ್ಟಿಲ ಮೇಲೆ ಗೋಣಿತಟ್ಟು ಹಾಸಿಕೊಂಡು ಅವರು ಕುಕ್ಕರು, ಮಿಕ್ಸಿ, ಗ್ಯಾಸ್ ಸ್ಟೋವ್ ರಿಪೇರಿ ಮಾಡುತ್ತಿದ್ದರು. ವಿಚಿತ್ರವೆಂದರೆ ಗಿರಾಕಿಗಳೆಲ್ಲ ಮರ್ಫಿ ಟೌನ್ ಕಡೆಯವರು, ಕೆರೆಯ ಆಚೆಯವರು. ನಮ್ಮ ಬೀದಿಯ ಹೆಂಗಸರು ಮಾತ್ರ ಕುಕ್ಕರು ಎತ್ತಿಕೊಂಡು, ಅವರ ಮೆಟ್ಟಿಲು ದಾಟಿ, ಮೇನ್ ರೋಡಿನ ಅಂಗಡಿಗೆ ಹೋಗುತ್ತಿದ್ದರು. ಯಾರೂ ಅವರನ್ನು ಬೈಯುತ್ತಿರಲಿಲ್ಲ. ಅವರು ಕೂತಿದ್ದ ಜಾಗದಲ್ಲಿ ಯಾರೂ ಇಲ್ಲವೇನೋ ಎಂಬಂತೆ ಹಾದುಹೋಗುತ್ತಿದ್ದರು.

ಕಾರಣವನ್ನು ಮನೆ ಓನರ್ ಹೆಂಗಸೇ ಅವ್ವನಿಗೆ ಹೇಳಿದಳು. ನಾವು ಬರುವ ಹಿಂದಿನ ವರ್ಷ ಏಳು ಜನರ ಫುಟ್‌ಬಾಲ್ ಪಂದ್ಯಾವಳಿ ನಡೆದು ನಮ್ಮ ಬೀದಿಯ ತಂಡ ಫೈನಲ್‌ಗೆ ಬಂದಿತ್ತು. ಆಡುವವರೆಲ್ಲ ಗಾರೆ ಕೆಲಸದವರು, ಆಟೋದವರು, ಮಾಂಸದ ಅಂಗಡಿಯವರು. ಆದರೆ ಆಟದ ಮೇಲೆ ಫೋನಿನಲ್ಲಿ ದುಡ್ಡು ಕಟ್ಟುವ ಗುಂಪುಗಳು ಹುಟ್ಟಿಕೊಂಡಿದ್ದವು. ಮೂಲೆಯ ರೀಚಾರ್ಜ್ ಅಂಗಡಿಯವನು ನಮ್ಮ ಭಾಗದ ದುಡ್ಡು ಹಿಡಿಯುತ್ತಿದ್ದ. ಆವತ್ತು ನಮ್ಮವರು ಒಂದು ಗೋಲು ಮುಂದಿದ್ದರು, ಇನ್ನೇನು ಸೀಟಿ ಊದಬೇಕು. ಎದುರಿನವನು ಒದ್ದ ಚೆಂಡು ನೆಲ ಹಿಡಿದು ಮೆಲ್ಲಗೆ ಉರುಳಿ ಬಂದು ಗೋಲಿಯ ಕೈಯ ಕೆಳಗೇ ಒಳಗೆ ಹೋಯಿತು. ಆಮೇಲೆ ಪೆನಾಲ್ಟಿಯಲ್ಲಿ ಅವರು ಒಂದನ್ನೂ ಹಿಡಿಯಲಿಲ್ಲ. ಬೀದಿಯ ಅರ್ಧ ಮನೆಗಳ ದುಡ್ಡು ಹೋಯಿತು. ಆ ವಾರ ಅವರು ರೀಚಾರ್ಜ್ ಅಂಗಡಿಗೆ ಹೋಗಿದ್ದನ್ನು ಕಂಡವರಿದ್ದರು. ಮತ್ತೇನು ಬೇಕು? ಶಿವಾಜಿನಗರದಿಂದ ಮೊಟ್ಟೆ ತರುತ್ತಿದ್ದ ಸಾಹೇಬರು, “ಗೋಲೀ ದಿಯಾ ಉನೇ” ಎಂದು ನಕ್ಕರಂತೆ. ದಖ್ಖನಿಯಲ್ಲಿ ಗೋಲಿ ಕೊಡುವುದೆಂದರೆ ಟೋಪಿ ಹಾಕುವುದು. ಪ್ರೀತಿಯ ಹೆಸರೇ ಬೈಗುಳವಾಗಲು ಅಷ್ಟು ಸಾಕಾಯಿತು.

ಮೇನ್ ರೋಡಿನಲ್ಲಿದ್ದ ಅವರ ಸ್ವಂತ ರಿಪೇರಿ ಅಂಗಡಿ ಮುಂದಿನ ತಿಂಗಳೇ ಮುಚ್ಚಿತು. ತಿಂದ ದುಡ್ಡನ್ನು ಬಚ್ಚಿಟ್ಟು ಬಡವನ ನಾಟಕ ಆಡುತ್ತಿದ್ದಾನೆ ಎಂದಿತು ಬೀದಿ.

ಅವ್ವ ಎಲ್ಲ ಕೇಳಿಸಿಕೊಂಡು, ಮರುದಿನ ನಮ್ಮ ಸ್ಟೋವನ್ನು ಎತ್ತಿಕೊಂಡು ಅವರ ಮೆಟ್ಟಿಲಿಗೇ ಹೋದಳು. ನಾನು ಓನರ್ ಮಾತು ನೆನಪಿಸಿದ್ದಕ್ಕೆ ಅವಳು ಹೇಳಿದ್ದಿಷ್ಟು: “ರೊಕ್ಕ ತಿಂದಾಂವ ಇದ್ರ ಹಿಂಗ ಬಿಸಲಾಗ ಕುಂತು ಬರ್ನರ್ ತಿಕ್ಕತಿದ್ದನೇನ?”

ಅವಳ ಜೊತೆ ಹೋಗಿದ್ದ ನನ್ನನ್ನು ನೋಡಿ ಅವರು ಮೊದಲು ಕೇಳಿದ್ದು ಹೆಸರಲ್ಲ, ಎತ್ತರ. ಗೋಡೆಗೆ ಒರಗಿ ನಿಲ್ಲು ಎಂದರು, ಕೈ ಮೇಲೆತ್ತು ಎಂದರು. ಆಮೇಲೆ ಒಳಗಿನಿಂದ ಗಾಳಿ ಇಳಿದ ಒಂದು ಚೆಂಡು ತಂದರು. ಮಾತಾಡಲು ಜನ ಸಿಗದ ಮನುಷ್ಯ ಏನಾದರೂ ಒಂದು ನೆಪ ಹುಡುಕುತ್ತಿದ್ದನೆಂದು ಈಗ ಅನ್ನಿಸುತ್ತದೆ. ಆಗ ನನಗೂ ಅಂಥದೇ ಒಂದು ನೆಪ ಬೇಕಾಗಿತ್ತು. ಕಾಲೇಜಿನಲ್ಲಿ ನಾನು ಬಾಯಿ ಬಿಟ್ಟರೆ ನನ್ನ ಕನ್ನಡಕ್ಕೆ ಹುಡುಗಿಯರು ನಗುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡೇ ಇಡೀ ದಿನ ಕಳೆಯುವುದನ್ನು ಕಲಿತಿದ್ದೆ.

ಕಾಲೇಜಿಗೆ ಹೊರಡುವ ಮೊದಲು ಕಾಂಪೌಂಡಿನ ಪಕ್ಕದ ಓಣಿಯಲ್ಲಿ ಅವರು ಚೆಂಡು ಎಸೆಯುತ್ತಿದ್ದರು, ನಾನು ಹಿಡಿಯುತ್ತಿದ್ದೆ. ಮೈದಾನದೊಳಕ್ಕೆ ಅವರು ಕಾಲಿಡುತ್ತಿರಲಿಲ್ಲ. ನನ್ನನ್ನು ‘ಪಾಪಾ’ ಎಂದು ಕರೆಯುತ್ತಿದ್ದರು. ಅವರ ಮನೆಮಾತಾದ ತಮಿಳಿನಲ್ಲಿ ಮಗು ಎಂದರ್ಥ. ಬೈಯುವುದು ಕಡಿಮೆ. ಚೆಂಡು ಕೈತಪ್ಪಿ ಮೋರಿಗೆ ಬಿದ್ದರೆ ಮಾತ್ರ ತಾವು ಕದಲದೆ ನಿಂತು, “ಬಿಟ್ಟ ಬಾಲು ತರೋಕೆ ನೀನೇ ಹೋಗ್ಬೇಕು. ಗೋಲಿಗೆ ಅಸಿಸ್ಟೆಂಟ್ ಇರಲ್ಲ” ಎನ್ನುತ್ತಿದ್ದರು. ನನ್ನ ಮೊದಲ ಗ್ಲೌಸನ್ನು ಅವರೇ ಕೊಡಿಸಿದ್ದು. ಕುಕ್ಕರಿನ ರಬ್ಬರ್ ತರಲು ಶಿವಾಜಿನಗರಕ್ಕೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋದರು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಹಳೆ ಸಾಮಾನಿನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಜೋಡಿಯನ್ನು ಹಾಕಿ, ತೆಗೆದು, ಮೂಸಿ ನೋಡಿದರು. ಆ ಅಂಗಡಿಯವನು ಅವರ ಜೊತೆ ಫುಟ್‌ಬಾಲಿನ ಬಗ್ಗೆ ಲೋಕಾಭಿರಾಮ ಮಾತಾಡಿದ. ವಾಪಸು ಬರುವಾಗ ಬಸ್ಸಿನಲ್ಲಿ ಅವರು ದಾರಿಯುದ್ದಕ್ಕೂ ಆ ಮಾತುಗಳನ್ನೇ ನನಗೆ ಮತ್ತೆ ಹೇಳಿದರು, ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದರೂ.

ಭಾನುವಾರಗಳು ಅವರಿಗೆ ಕಷ್ಟದವು. ಗೋಡೆಯಾಚೆ ಪಂದ್ಯ ನಡೆಯುವಾಗ ಅವರು ಕೈಗೆ ಕೆಲಸ ಹಿಡಿಯುತ್ತಿರಲಿಲ್ಲ. ಮೈದಾನಕ್ಕೆ ಬೆನ್ನು ಹಾಕಿ, ತಲೆ ತಗ್ಗಿಸಿ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದರು. ಚೆಂಡಿಗೆ ಕಾಲು ತಗುಲಿದ ಸದ್ದು ಕೇಳಿದರೆ ಸಾಕು, ಜನ ಕೂಗುವ ಮೊದಲೇ ತಮ್ಮಷ್ಟಕ್ಕೆ “ಹೋಯ್ತು” ಎನ್ನುತ್ತಿದ್ದರು. ಆಮೇಲೆ ಗೋಡೆಯ ಮೇಲಿಂದ ಗದ್ದಲ ಉಕ್ಕಿ ಬರುತ್ತಿತ್ತು. ನಮ್ಮ ಬೀದಿಯ ತಂಡದ ಕ್ಯಾಪ್ಟನ್, ಈಗ ಶಾಮಿಯಾನಾ ಅಂಗಡಿ ಇಟ್ಟಿರುವವರು, ಗೋಲಿಯಣ್ಣನ ಬಾಲ್ಯದ ಗೆಳೆಯ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರೆಂದು ಬೀದಿಯೇ ಹೇಳುತ್ತಿತ್ತು. ಪಂದ್ಯ ಮುಗಿದ ಮೇಲೆ ಕ್ಯಾಪ್ಟನ್ ಆ ಮೆಟ್ಟಿಲ ಮುಂದೆಯೇ ಹಾದುಹೋಗಬೇಕಿತ್ತು. ಗೋಲಿಯಣ್ಣ ಪ್ರತಿಸಲವೂ ಕಾಲು ಮಡಚಿಕೊಂಡು ದಾರಿ ಬಿಡುತ್ತಿದ್ದರು. ಕ್ಯಾಪ್ಟನ್ ಫೋನು ನೋಡಿಕೊಂಡು ಹೋಗುತ್ತಿದ್ದರು.

ಡಿಗ್ರಿ ಮುಗಿಸುವ ಹೊತ್ತಿಗೆ ನಾನು ಇಂದಿರಾನಗರದ ಒಂದು ಹೆಣ್ಣುಮಕ್ಕಳ ತಂಡಕ್ಕೆ ಗೋಲ್‌ಕೀಪರ್ ಆಗಿದ್ದೆ. ಕಟ್ಟಡದ ತಾರಸಿ ಮೇಲಿನ ಬಾಡಿಗೆ ಮೈದಾನ, ಸುತ್ತ ಬಲೆ. ನಮ್ಮ ಆಟ ನೋಡಲು ಬರುತ್ತಿದ್ದವರು ಆಟಗಾರ್ತಿಯರ ಅಕ್ಕತಂಗಿಯರು, ಬಿಟ್ಟರೆ ಕೆಳಗಿನ ಹೋಟೆಲಿನ ಸಪ್ಲೈಯರು. ಆಮೇಲೆ ಯಾರೋ ಪಂದ್ಯಗಳನ್ನು ಫೋನಿನಲ್ಲಿ ನೇರಪ್ರಸಾರ ಮಾಡತೊಡಗಿದರು. ಗುರುತಿಲ್ಲದವರು ನನಗೆ ಮೆಸೇಜು ಕಳಿಸಿ, ನಾಳೆಯ ಆಟಕ್ಕೆ ಕೈ ಹೇಗಿದೆ, ಮೊಣಕಾಲು ಸರಿಹೋಯಿತೇ ಎಂದು ವಿಚಾರಿಸತೊಡಗಿದರು. ಊರಲ್ಲಿ ನನ್ನ ಮೊಣಕಾಲಿನ ಬಗ್ಗೆ ಅವ್ವನನ್ನು ಬಿಟ್ಟು ಇನ್ನೊಬ್ಬರು ಯೋಚಿಸುತ್ತಿದ್ದಾರೆ ಎನ್ನುವುದು ನನಗೆ ಖುಷಿಯಾಗಿತ್ತು. ಅವರೆಲ್ಲ ದುಡ್ಡು ಕಟ್ಟುವವರು ಎಂದು ನನ್ನ ಜೊತೆಯವಳೊಬ್ಬಳು ಹೇಳಿದಳು. ತಾವು ನಾಲ್ಕು ಜನ ಸೆಮಿಫೈನಲ್ ಮೇಲೆ ಕಟ್ಟುತ್ತಿದ್ದೇವೆ, ನೀನೂ ಸೇರು ಎಂದಳು. ಸೋಲಲು ಅಲ್ಲವಲ್ಲ, ನಾವೇ ಗೆಲ್ಲುತ್ತೇವೆ ಎಂದು ಕಟ್ಟುವುದು, ಅದರಲ್ಲೇನು ತಪ್ಪು ಎಂದಳು.

ಮರುದಿನ ಬೆಳಿಗ್ಗೆ ಓಣಿಯಲ್ಲಿ ಅದನ್ನು ಗೋಲಿಯಣ್ಣನ ಮುಂದೆ ಹೇಳಿದೆ. ಒಂದು ತಮಾಷೆಯ ಸುದ್ದಿಯೆಂಬಂತೆಯೇ ಹೇಳಿದ್ದು. ಅವರು ಚೆಂಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಆಮೇಲೆ ಮೆಟ್ಟಿಲಿಗೆ ಹೋಗಿ ಕೂತರು. ನಾನೂ ಹೋಗಿ ಕೂತೆ.

“ನಾನೂ ಅದನ್ನೇ ಮಾಡಿದ್ದು ಪಾಪಾ,” ಎಂದರು. “ಸೋಲ್ತೀನಿ ಅಂತ ಯಾರ ಹತ್ರಾನೂ ಒಂದು ಪೈಸ ತಗೊಂಡಿಲ್ಲ. ಗೆಲ್ತೀವಿ ಅಂತ ಕಟ್ಟಿದ್ದೆ.”

ಅವರು ಹೇಳಿದ್ದನ್ನು ನನಗೆ ನೆನಪಿರುವಷ್ಟು ಬರೆಯುತ್ತೇನೆ. ವರ್ಷಗಟ್ಟಲೆ ಅವರು ಆಡುವಾಗ ಮೈದಾನದಲ್ಲಿ ಹಸುಗಳು ನಿಂತಿರುತ್ತಿದ್ದವಂತೆ, ಜನ ಇರುತ್ತಿರಲಿಲ್ಲ. ಗೆದ್ದು ಮನೆಗೆ ಬಂದರೆ ಗೆದ್ದೆಯಾ ಎಂದು ಕೇಳುವವರಿಲ್ಲ. ಮದುವೆಯಾಗಿರಲಿಲ್ಲ, ತಾಯಿ ಹೋಗಿಬಿಟ್ಟಿದ್ದರು. ಫೋನಿನಲ್ಲಿ ದುಡ್ಡು ಕಟ್ಟುವುದು ಶುರುವಾದ ಮೇಲೆ ಕಾಂಪೌಂಡಿನ ಮೇಲೆಲ್ಲ ಜನ. ಟೀ ಅಂಗಡಿಯಲ್ಲಿ ಗುರುತಿಲ್ಲದ ಹುಡುಗರು ಭುಜ ಮುಟ್ಟಿ, ಅಣ್ಣಾ ನಿಮ್ಮ ಮೇಲೆ ಕಟ್ಟಿದ್ದೀವಿ ಎನ್ನುತ್ತಿದ್ದರು. “ಅಲ್ಲೀವರೆಗೂ ನನ್ನ ಮೇಲೆ ಯಾರೂ ಏನೂ ಕಟ್ಟಿರಲಿಲ್ಲ,” ಎಂದು ಅವರು ನಕ್ಕರು. ಎಲ್ಲರೂ ತನ್ನನ್ನು ನಂಬಿರುವಾಗ ತಾನೇ ನಂಬದಿದ್ದರೆ ಹೇಗೆ ಎನ್ನಿಸಿತಂತೆ. ಅಂಗಡಿಯ ಅಡ್ವಾನ್ಸಿನ ಮೇಲೆ ಸಾಲ ಎತ್ತಿ ಫೈನಲ್‌ಗೆ ಕಟ್ಟಿದರು.

“ಬಾಲು ನಿಧಾನವಾಗೇ ಬರ್ತಿತ್ತು. ನಾನು ರೆಫ್ರಿ ಕೈಗಡಿಯಾರ ನೋಡ್ತಿದ್ದೆ. ಚಿಕ್ಕೋನಿದ್ದಾಗಿಂದ ಆಡಿದೀನಿ, ಆಟ ಬೇಗ ಮುಗೀಲಿ ಅಂತ ನನಗೆ ಅನ್ನಿಸಿದ್ದು ಅದೇ ಮೊದಲು.”

ಹಾಗಾದರೆ ಇದನ್ನು ಜನರಿಗೆ ಹೇಳಬಹುದಿತ್ತಲ್ಲ ಎಂದೆ.

“ಏನಂತ ಹೇಳ್ಲಿ? ಆ ಅಂಗಡಿಗೆ ಹೋಗಿದ್ದು ನಿಜ. ದುಡ್ಡು ಕಟ್ಟಿದ್ದು ನಿಜ. ಬಾಲು ಬಿಟ್ಟಿದ್ದೂ ನಿಜ. ಇಷ್ಟು ನಿಜ ಒಪ್ಕೊಂಡ್ಮೇಲೆ ಉಳಿದಿದ್ದನ್ನ ಯಾರು ನಂಬ್ತಾರೆ?”

ನಾನು ಸೆಮಿಫೈನಲ್‌ಗೆ ದುಡ್ಡು ಕಟ್ಟಲಿಲ್ಲ. ಆ ಭಾನುವಾರ ನಾವು ಗೆದ್ದೆವು. ಕಟ್ಟಿದ ನಾಲ್ವರಿಗೂ ದುಡ್ಡು ಬಂತು, ಬಿರಿಯಾನಿ ತರಿಸಿದರು, ನನ್ನನ್ನು ದಡ್ಡಿ ಎಂದು ಆಡಿಕೊಂಡರು. ಅವರ ಖುಷಿ ಸುಳ್ಳಾಗಿರಲಿಲ್ಲ. ಅದನ್ನು ನೋಡಿ ನನಗೂ ಸ್ವಲ್ಪ ಹೊಟ್ಟೆ ಉರಿಯಿತು. ಸಂಜೆ ಗೋಲಿಯಣ್ಣ ಸ್ಕೋರು ಕೇಳಲಿಲ್ಲ. ಆಟ ಮುಗಿಯಲು ಎಷ್ಟು ಹೊತ್ತಿದೆ ಎಂದು ನಡುವೆ ನೋಡಿದೆಯಾ ಎಂದು ಕೇಳಿದರು. ಸೀಟಿ ಊದಿದಾಗ ಇಷ್ಟು ಬೇಗ ಮುಗಿಯಿತೇ ಅನ್ನಿಸಿತು ಎಂದೆ. “ಹಂಗಾದ್ರೆ ಚೆನ್ನಾಗಿ ಆಡಿದೀಯ,” ಎಂದು ಒಳಗೆ ಹೋದರು.

ಅದಾದ ಎರಡನೆಯ ವರ್ಷ ಅವರಿಗೆ ಕಾಮಾಲೆ ಆಯಿತು. ತಡವಾಗಿ ಗೊತ್ತಾಯಿತು. ಲಿವರ್ ಆಗಲೇ ಸೋತಿತ್ತು. ಶಿವಾಜಿನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಅವ್ವ ಗಂಜಿ ಕುಡಿಸುತ್ತಿದ್ದಳು, ನಾನು ಕೆಲಸ ಮುಗಿಸಿ ಹೋಗಿ ಕೂರುತ್ತಿದ್ದೆ. ಪಕ್ಕದ ಹಾಸಿಗೆಯವನನ್ನು ನೋಡಲು ಮನೆಮಂದಿಯೆಲ್ಲ ಬರುತ್ತಿದ್ದರು. ಅವರು ಬಂದಾಗ ಗೋಲಿಯಣ್ಣ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರಂತೆ ಮಲಗಿರುತ್ತಿದ್ದರು. ವಾರ್ಡಿನ ಬಾಗಿಲು ಸದ್ದಾದರೆ ಮಾತ್ರ ಕಣ್ಣು ತೆರೆದು ಯಾರೆಂದು ನೋಡಿ ಮತ್ತೆ ಮುಚ್ಚುತ್ತಿದ್ದರು. ನಾನು ಶಾಮಿಯಾನಾ ಅಂಗಡಿಗೆ ಹೋಗಿ ವಿಷಯ ಮುಟ್ಟಿಸಿದೆ. ಕ್ಯಾಪ್ಟನ್ ಬಿಲ್ ಬರೆಯುತ್ತಲೇ ತಲೆ ಆಡಿಸಿದರು. ಬರಲಿಲ್ಲ. ಒಂದು ಬುಧವಾರ ಬೆಳಿಗ್ಗೆ ಗೋಲಿಯಣ್ಣ ತೀರಿಕೊಂಡರು.

ಸತ್ತ ಮೇಲೆ ಬೀದಿ ಬಂತು. ಓನರ್ ಹೆಂಗಸು ಹೂವಿನ ಹಾರ ತಂದಳು. ಕ್ಯಾಪ್ಟನ್ ಕೇಳದೆಯೇ ಪೆಂಡಾಲು, ಕುರ್ಚಿ ಕಳಿಸಿದರು, ತಾವೇ ನಿಂತು ಹಾಕಿಸಿದರು. ಬಾಡಿಗೆ ಬೇಡವೆಂದರು. ಕಲ್ಪಳ್ಳಿ ಸ್ಮಶಾನಕ್ಕೆ ಒಯ್ಯಲು ಗಾಡಿ ಬರುವುದು ತಡವಿತ್ತು. ಕ್ಯಾಪ್ಟನ್ ಒಬ್ಬರೇ ಕಾಂಪೌಂಡಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದರು. ನಾನು ಹೋಗಿ ಎಲ್ಲವನ್ನೂ ಹೇಳಿದೆ. ಕಟ್ಟಿದ್ದು ಯಾರ ಮೇಲೆ, ಅಂಗಡಿ ಹೋಗಿದ್ದು ಹೇಗೆ, ಕೊನೆಯ ಗಳಿಗೆಯಲ್ಲಿ ಕಣ್ಣು ಎಲ್ಲಿತ್ತು, ಎಲ್ಲ.

ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. “ನನ್ ಹತ್ರ ಯಾಕಮ್ಮ ಹೇಳ್ಲಿಲ್ಲ ಅವ್ನು?”

“ನೀವು ಕೇಳಿದ್ರಾ ಅಣ್ಣ?”

ಗಾಡಿ ಬಂದ ಮೇಲೆ ಅವರು ಎದ್ದು ನಿಂತು, ನನಗೋ ತಮಗೋ ತಿಳಿಯದಂತೆ, ಎಲ್ಲರೂ ಹೇಳುತ್ತಿದ್ದರಲ್ಲ, ಕೇಳುವುದೇನಿದೆ ಅಂದುಕೊಂಡೆ ಎಂದರು. ಮುಂದಿನ ಹೆಗಲು ಕೊಟ್ಟವರು ಅವರೇ. ಆದರೆ ಆ ಹೊತ್ತಿಗೆ ಅದು ಯಾರಿಗೂ ಉಪಯೋಗವಿರಲಿಲ್ಲ.

ಈಗ ನಾನು ಕೆ.ಆರ್. ಪುರದ ಒಂದು ಶಾಲೆಯಲ್ಲಿ ಪಿಟಿ ಟೀಚರು. ಹುಡುಗಿಯರ ತಂಡ ಕಟ್ಟಿದ್ದೇನೆ. ಹೋದ ತಿಂಗಳ ಪಂದ್ಯದಲ್ಲಿ ನಮ್ಮ ಗೋಲ್‌ಕೀಪರ್ ಹುಡುಗಿ ಯಾರು ಬೇಕಾದರೂ ಹಿಡಿಯಬಹುದಾದ ಒಂದು ಚೆಂಡನ್ನು ಬಿಟ್ಟಳು. ಪಂದ್ಯ ಸೋತೆವು. ಬೇಲಿಯ ಬಳಿ ದೊಡ್ಡವರೊಬ್ಬರು ಬೇಕಂತಲೇ ಬಿಟ್ಟಳು ಎಂದದ್ದು ನನಗೆ ಕೇಳಿಸಿತು. ಅವಳಿಗೂ ಕೇಳಿಸಿರಬೇಕು. ಜೊತೆಯ ಹುಡುಗಿಯರು ನೀರಿನ ಬಾಟಲಿ ತೆಗೆದುಕೊಂಡು ನೆರಳಿಗೆ ಹೋದರು. ಅವಳು ಗೋಲಿನ ಕಂಬದ ಹತ್ತಿರವೇ ನಿಂತಿದ್ದಳು. ನಾನು ಅಷ್ಟು ದೂರ ನಡೆದು ಹೋಗಿ, ಪಕ್ಕದಲ್ಲಿ ನಿಂತು, ಏನಾಯ್ತು ಎಂದು ಕೇಳಿದೆ. ಅವಳು ಗ್ಲೌಸು ಬಿಚ್ಚತೊಡಗಿದಳು. ನಾನು ಕಾಯುತ್ತ ನಿಂತೆ.

“ಬಿಸಿಲು ಕಣ್ಣಿಗೆ ಬಿತ್ತು ಮಿಸ್,” ಎಂದಳು.

ಅಷ್ಟೇ ಆಗಿತ್ತು.