ನಕ್ಷೆಯಲ್ಲಿ ಮುಳ್ಳೂರಿನ ಚುಕ್ಕೆ

ಅಥವಾ ಆ ಓತಿ ಹುಳಕ್ಕೆ ತಂದ ಸೊಪ್ಪಿನಿಂದ ಬೀಳಲೇ ಇಲ್ಲವೇನೋ. ಬಿದ್ದ ಸದ್ದು ನನಗೆ ನೆನಪಿದೆ, ಒದ್ದೆ ಬಟ್ಟೆ ನೆಲಕ್ಕೆ ಬಿದ್ದ ಹಾಗೆ. ಆದರೆ ಈ ಕಥೆಯನ್ನು ಇಷ್ಟು ಸಲ ಹೇಳಿದ್ದೇನೆ, ಆ ಸದ್ದನ್ನು ನಾನೇ ಯಾವಾಗಲೋ ಸೇರಿಸಿರಬಹುದು. ಕೈಯಲ್ಲಿ ಇರುವುದು ಒಂದು ಫೋಟೊ ಮಾತ್ರ. ಮುಳ್ಳೂರಿನಲ್ಲಿ ನನ್ನ ಅಣ್ಣ ರೇಷ್ಮೆ ಹುಳ ಸಾಕುವ ಉದ್ದನೆಯ ಕೋಣೆ, ಅದರ ಕಿಟಕಿಯ ಬಲೆಗೆ ಅಂಟಿಕೊಂಡ ಒಂದು ಓತಿ. ಎಲೆಹಸಿರು ಮೈ, ಬೆನ್ನಿನ ಮೇಲೆ ಬಿಳಿಯ ಅಡ್ಡಪಟ್ಟೆ, ಮೈಗಿಂತ ಎಷ್ಟೋ ಉದ್ದದ ಬಾಲ.

ಕೊಳ್ಳೇಗಾಲದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ನಾನು ಭಾನುವಾರ ಮುಳ್ಳೂರಿಗೆ ಹೋಗುತ್ತೇನೆ. ಆ ಭಾನುವಾರ ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಅವುಗಳ ಹಸಿವಿಗೆ ಅಳತೆಯಿಲ್ಲ. ಬೆಳಿಗ್ಗೆ ಹಾಸಿದ ಹಿಪ್ಪುನೇರಳೆ ಸೊಪ್ಪಿನ ಕಡ್ಡಿ ಮಧ್ಯಾಹ್ನಕ್ಕೆ ಬೋಳು. ಮನೆಯ ತೋಟದ ಸೊಪ್ಪು ಸಾಲದೆ ಹೊರಗಿನಿಂದಲೂ ತರಿಸಿದ್ದರು. ಒದ್ದೆ ಗೋಣಿ ಹೊದಿಸಿದ ರಾಶಿಗಳು ಗೋಡೆಯ ಪಕ್ಕ ಸಾಲಾಗಿದ್ದವು.

"ಒಡೀರಿ ಅದ್ನ. ಉಳ ತಿಂದಾಕ್ಬುಡ್ತದೆ," ಅಂದ ಅಣ್ಣ.

"ತಡಿಯಣ್ಣ, ಒಂದು ಫೋಟೊ."

"ಓತಿಕ್ಯಾತಂಗೂ ಪೋಟ," ಅಂದರು ಅತ್ತಿಗೆ, ಕಡ್ಡಿ ಹಾಸುತ್ತ ತಲೆಯೆತ್ತದೆ. "ನಮ್ದೊಂದ್ ದಿನಾನೂ ತಗೀನಿಲ್ಲ ಇವ್ಳು."

ಆಮೇಲೆ ಅದೇನಾಯಿತು ಎಂಬುದಕ್ಕೆ ಮನೆಯಲ್ಲಿ ಮೂರು ಮಾತಿದೆ. ನಾನೇ ಬಟ್ಟೆಯಲ್ಲಿ ಹಿಡಿದು ಹೊರಗಿನ ಹೊಂಗೆ ಮರಕ್ಕೆ ಬಿಟ್ಟೆ ಎಂದು ನನ್ನ ನೆನಪು. ಅಣ್ಣ ಹೊಡೆದು ಎಸೆದ ಎನ್ನುತ್ತಾರೆ ಅತ್ತಿಗೆ. ಕಾಗೆ ಕಚ್ಚಿಕೊಂಡು ಹೋಯಿತು ಎನ್ನುತ್ತಾನೆ ಅಣ್ಣ. ನನ್ನ ನೆನಪಿನಲ್ಲಿ ನಾನು ಒಳ್ಳೆಯವಳಾಗಿದ್ದೇನೆ. ಅದಕ್ಕೇ ಅದನ್ನು ನಂಬುವುದು ಕಷ್ಟ.

ಆ ಫೋಟೊವನ್ನು, ಹಕ್ಕಿ ಮರಗಳ ಫೋಟೊ ಹಾಕುವ ಒಂದು ಆ್ಯಪಿಗೆ ಹಾಕಿದೆ. ಫೋನೇ ಜಾಗವನ್ನು ತುಂಬಿಬಿಟ್ಟಿತು. ನಕ್ಷೆಯಲ್ಲಿ ಮುಳ್ಳೂರಿನ ಮೇಲೆ ಒಂದು ಚುಕ್ಕೆ ಮೂಡಿತು.

ಆ ಚುಕ್ಕೆ ಹಿಡಿದುಕೊಂಡು ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬಂದಳು. ಅವಳ ಪ್ರಬಂಧವೇ ಈ ಓತಿಯ ಬಗ್ಗೆ. ಗುರುತಿನಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಫೋಟೊ ದೊಡ್ಡದು ಮಾಡಿ ನನಗೇ ಪಾಠ ಮಾಡಿದಳು. ಬೇಲಿಯ ಮೇಲಿನ ಮಾಮೂಲಿ ಓತಿಕ್ಯಾತಕ್ಕೆ ಕಿವಿಯ ಮೇಲೆ ಬಿಡಿಬಿಡಿಯಾಗಿ ಎರಡು ಮುಳ್ಳು. ಇದಕ್ಕೆ ಬಾಚಣಿಗೆಯ ಹಲ್ಲಿನಂತೆ ಸಾಲು ಮುಳ್ಳು, ಹೆಗಲ ಮುಂದೆ ಚರ್ಮದ ಒಂದು ಮಡಿಕೆ. ಇದು ಕಾಡಿನ ಹಸಿರು ಓತಿ, ಮರ ಬಿಟ್ಟು ಕೆಳಗಿಳಿಯುವುದು ಅಪರೂಪ. ಯಳಂದೂರಿನ ಮೇಲಿನ ಬೆಟ್ಟದಲ್ಲಿ ಅದು ಇರುವುದು ಮೊದಲೇ ಗೊತ್ತು. ಹನೂರಿನ ಕಡೆಯ ಒಣಕಾಡಿನಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ. ನಡುವಿನ ಬಯಲಲ್ಲಿ, ಮುಳ್ಳೂರಿನಲ್ಲಿ, ಇದೆ ಅಂದರೆ ಅವಳ ಒಂದು ಅಧ್ಯಾಯವೇ ಬೇರೆಯಾಗುತ್ತದೆ.

"ಇನ್ನೊಂದು ಸಿಕ್ಕರೆ ಸಾಕು ಮೇಡಂ," ಅಂದಳು. "ಇದೇ ನನ್ನ ಕೊನೆಯ ಸುತ್ತು. ಇದಾದಮೇಲೆ ಬರೆದು ಕೊಡಲೇಬೇಕು."

ಅವಳಿಗೆ ಅಣ್ಣನ ಮನೆಯಲ್ಲೇ ಊಟ. ಬೆಳಗ್ಗೆ ಹೊರಟು ಹುಣಸೆ, ಹೊಂಗೆ, ನಾಲೆ ಏರಿಯ ಮರ, ಹಿಪ್ಪುನೇರಳೆಯ ಹಳೇ ಮರಗಳು, ಒಂದೊಂದರ ಕೆಳಗೂ ಕತ್ತೆತ್ತಿ ನಿಲ್ಲುತ್ತಿದ್ದಳು. ಅರಳಿಕಟ್ಟೆಯ ಮೇಲಿದ್ದವರಿಗೆ ಅದೇ ಮಾತು.

"ನಮ್ಮೂರ್ ಓತಿಕ್ಯಾತಕ್ಕೆ ಸಂಬಂದ ಕೇಳಕ್ ಬಂದವ್ಳೆ ಕಣ್ಲಾ."

"ಎಣ್ಣಿನ ಕಡ್ಯೋರಾ, ಗಂಡಿನ ಕಡ್ಯೋರಾ ಕೇಳು."

ಅವಳೂ ನಗುತ್ತಿದ್ದಳು. ಎರಡು ವಾರವಾದ ಮೇಲೆ ನಗುವುದು ಕಡಿಮೆಯಾಯಿತು.

ಒಂದು ಭಾನುವಾರ ಊಟಕ್ಕೆ ಕೂತಾಗ ಅವಳು ಕೇಳಿದಳು, "ಅಣ್ಣಾ, ಅವತ್ತು ಹುಳಕ್ಕೆ ಹಾಕಿದ ಸೊಪ್ಪು ಎಲ್ಲಿಯದು?"

"ನಮ್ ತ್ವಾಟದ್ದು ಒಸಿ. ಸಾಲ್ದೆ ಅಜ್ಜೀಪುರದಿಂದ ಗೂಡ್ಸ್ ಆಟೋದಲ್ಲಿ ತರುಸ್ದೆ."

ಅವಳ ಕೈ ತಟ್ಟೆಯಲ್ಲೇ ನಿಂತಿತು. ಅಜ್ಜೀಪುರ ಹನೂರಿನ ಕಡೆಯ ಊರು; ಓತಿ ಅಲ್ಲಿಂದ ಸೊಪ್ಪಿನ ಜೊತೆ ಬಂದಿರಬಹುದು ಎಂದು ಅವಳಿಗೆ ಆಗಲೇ ಹೊಳೆದದ್ದು. ನನಗೆ ಹೊಳೆದು ಬಹಳ ದಿನವಾಗಿತ್ತು. ನಾನು ಅತ್ತಿಗೆಯ ಮುಖ ನೋಡಿದೆ. ಅವರು ಸಾರು ಬಡಿಸುತ್ತಿದ್ದರು.

ಯಾಕೆಂದರೆ ರಾಶಿ ಎರಡಿರಲಿಲ್ಲ, ಮೂರಿದ್ದವು. ಅತ್ತಿಗೆಯ ತವರು ಯಳಂದೂರಿನಾಚೆ, ಬೆಟ್ಟದ ಬುಡದಲ್ಲಿ. ಹುಳದ ಹಿಂದಿನ ಬೆಳೆಯಲ್ಲಿ ಅವರ ತಮ್ಮನ ತೋಟದಿಂದ ಸೊಪ್ಪು ತಂದಿದ್ದರು. ಪಕ್ಕದ ಹೊಲದವರು ಹೊಡೆದ ಔಷಧಿ ಆ ಸೊಪ್ಪಿಗೆ ಬಿದ್ದಿತ್ತು. ತಿಂದ ಹುಳ ಕಕ್ಕಿಕೊಂಡು ಸತ್ತವು. ಅಣ್ಣ ಆ ತಮ್ಮನನ್ನು ಬೀದಿಯಲ್ಲಿ ನಿಲ್ಲಿಸಿ ಬೈದಿದ್ದ. ಆ ಮನೆಯ ಒಂದೆಲೆಯೂ ತನ್ನ ಹುಳಮನೆಗೆ ಬರಕೂಡದು ಅಂದಿದ್ದ. ಈ ಸಲ ಸೊಪ್ಪು ಮುಗಿದು, ಅಜ್ಜೀಪುರದ ಆಟೋ ಒಂದು ಹೊತ್ತು ತಡವಾದಾಗ, ಅತ್ತಿಗೆ ತಮ್ಮನಿಗೆ ಫೋನ್ ಮಾಡಿದರು. ಅವನು ಬೆಳಗಿನ ಬಸ್ಸಿನಲ್ಲಿ ಒಂದು ಹೊರೆ ಹಾಕಿ ಕಳಿಸಿದ. ಇದನ್ನು ಅತ್ತಿಗೆ ನನಗೆ ಹೇಳಿದ್ದರು ಎಂದುಕೊಂಡಿದ್ದೇನೆ. ಹೇಳದೆ, ಹಳೇ ಸೀರೆಯ ಅಂಚಿನಿಂದ ಕಟ್ಟಿದ ಹೊರೆ ನೋಡಿ ನಾನೇ ಊಹಿಸಿರಲೂಬಹುದು.

ಊಟವಾದ ಮೇಲೆ ಅಡುಗೆಮನೆಯಲ್ಲಿ ಕೇಳಿದೆ.

"ಅತ್ತಿಗೆ, ಮೂರನೇ ರಾಶಿ ನಿಮ್ಮ ತವರಿಂದ ಬಂದದ್ದಲ್ವಾ?"

"ಯಾವ್ ಮೂರ್ನೇ ರಾಸಿ?"

"ಆ ಹುಡುಗಿ ಬಿಸಿಲಲ್ಲಿ ಸುಮ್ಮನೆ ಅಲೀತಾ ಇದ್ದಾಳೆ."

"ಅದಕ್ಕೆ ದಿನಾ ಮಜ್ಜಿಗೆ ಕೊಡ್ತಾವ್ನಿ." ಪಾತ್ರೆ ಉಜ್ಜುವುದು ನಿಲ್ಲಿಸಲಿಲ್ಲ. "ನಿಮ್ಮಣ್ಣ ಊರೆಲ್ಲ ಏಳ್ಕಂಡ್ ತಿರುಗ್ತಾವ್ರೆ, ಬಾಮೈದನ ಸೊಪ್ಪಿಲ್ದೇನೇ ಗೂಡು ಎಂಗ್ ಬಂತು ನೋಡಿ ಅಂತ. ಏಳ್ಕಳ್ಲಿ ಬುಡು. ಒಂದು ಓತಿಕ್ಯಾತಕ್ಕೆ ನನ್ ತಮ್ಮನ್ನ ಇನ್ನೊಂದ್ ಸತಿ ಬೀದೀಲಿ ನಿಲ್ಲುಸ್ಬ್ಯಾಡ ಕಣಮ್ಮಿ."

"ಹಾಗಾದರೆ ಬಂದದ್ದು ನಿಜ."

"ಬಂತು ಅಂತ ನಾನೆಲ್ಲಿ ಏಳ್ದೆ?"

ಹುಡುಗಿಗೆ ಗುಟ್ಟಾಗಿ ಹೇಳಬಹುದಿತ್ತಲ್ಲ ಎಂದು ಈಗ ಬರೆಯುವಾಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೋ ಇಲ್ಲವೋ. ಅವಳು ಎಲ್ಲವನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವವಳು. ಯಾವ ತೋಟ ಎಂದು ಹೇಳಿದರೆ ಆ ತೋಟಕ್ಕೇ ಹೋಗಿ, ಆ ತಮ್ಮನನ್ನೇ ಕೇಳಿ, ವಾಪಸು ಬಂದು ಅಣ್ಣನ ಪಕ್ಕ ಊಟಕ್ಕೆ ಕೂತು ಸಂತೋಷದಿಂದ ವರದಿ ಒಪ್ಪಿಸುವವಳು. ನಾನು ಬಾಯಿ ಮುಚ್ಚಿಕೊಂಡೆ. ಅವಳು ಮರುದಿನ ಅಜ್ಜೀಪುರಕ್ಕೆ ಹೊರಟಳು.

ಒಂದು ಶನಿವಾರ ನಾನೂ ಹೋದೆ. ಏನು ಸರಿಮಾಡಲು ಹೋದೆನೋ ತಿಳಿಯದು. ಸೊಪ್ಪು ಕೊಟ್ಟ ರೈತ ತನ್ನ ತೋಟವನ್ನು ಎರಡು ಸಲ ಸುತ್ತಿಸಿದ.

"ಅಸ್ರು ಓತಿನಾ? ನಮ್ಮ ಕಡೆ ಎಲ್ಲಾ ಮಣ್ಣಿನ ಬಣ್ಣದವೇ ಕಣವ್ವ. ಬ್ಯಾಸ್ಗೇಲಿ ಒಸಿ ಕತ್ತು ಕೆಂಪಾಯ್ತದೆ, ಅಷ್ಟೆ. ಅಸ್ರು ಬೇಕು ಅಂದ್ರೆ ಬಣ್ಣ ಒಡ್ಸಿ ಕೊಡವಾ ಏಳಿ."

ಬೇಲಿಯ ಮೇಲೆ ಆ ಮಣ್ಣಿನ ಬಣ್ಣದವನೇ ಕೂತು ತಲೆ ಕುಣಿಸುತ್ತಿದ್ದ. ಕಿವಿಯ ಮೇಲೆ ಬಿಡಿಬಿಡಿ ಎರಡು ಮುಳ್ಳು. ಈಗ ನಾನೂ ಗುರುತು ಹಿಡಿಯಬಲ್ಲೆ. ಹಿಂದಿರುಗುವ ಬಸ್ಸಿಗೆ ಕಾಯುತ್ತ ಅವಳು ಹೇಳಿದಳು, "ಇಲ್ಲ ಅಂತ ಬರೆಯೋದೇ ಕಷ್ಟ ಮೇಡಂ. ನಾನು ನೋಡಿದ ದಿನ, ನಾನು ನೋಡಿದ ಮರದಲ್ಲಿ, ನನಗೆ ಕಾಣಲಿಲ್ಲ ಅಂತ ಬರೀಬಹುದು ಅಷ್ಟೆ." ಅವಳ ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು. ನನ್ನ ಬಾಯಿಗೆ ಮಾತು ಬಂತು. ಬಸ್ಸೂ ಬಂತು.

ಅವಳು ಊರಿಗೆ ಹೋಗಿ ಬರೆಯಲು ಕೂತ ಮೇಲೆ ಒಂದು ಸಂಜೆ ಫೋನ್ ಮಾಡಿದಳು.

"ಅಧ್ಯಾಯ ನಾಳೆ ಕೊಡಬೇಕು. ಓತಿ ಮುಳ್ಳೂರಿನದ್ದೇ ಅಂತ ನೀವು ಹೇಳಿದರೆ ನಿಮ್ಮ ಮಾತಿನ ಮೇಲೆ ಆ ಚುಕ್ಕೆ ಇಟ್ಟುಕೊಳ್ತೀನಿ."

"ಹೊರಗಿನ ಸೊಪ್ಪು ಬಂದಿತ್ತಲ್ಲ."

"ಅಜ್ಜೀಪುರದ್ದು ತಾನೇ?"

"ಇನ್ನೊಂದು ಕಡೆಯಿಂದಲೂ ಬಂದಿರಬಹುದು. ಎಲ್ಲಿಂದ ಅಂತ ಹೇಳೋಕಾಗಲ್ಲ."

"ಗೊತ್ತಿಲ್ವಾ ಮೇಡಂ, ಹೇಳೋಕಾಗಲ್ವಾ?"

ಆ ಕಡೆಯಲ್ಲಿ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು.

"ಬೆಟ್ಟದ ಕಡೆಯದಾ?"

ಅದಕ್ಕೂ ಸುಮ್ಮನಿದ್ದೆ.

"ಆಯ್ತು," ಅಂದಳು. ಬೈಯಲಿಲ್ಲ. ಮುಳ್ಳೂರಿನ ಚುಕ್ಕೆಯನ್ನು ತೆಗೆದಳು. ಅದರ ಜೊತೆ ಆ ಅಧ್ಯಾಯದ ಅರ್ಧವೂ ಹೋಯಿತಂತೆ. ಬಿಸಿಲಲ್ಲಿ ಕಳೆದ ಆ ವಾರಗಳನ್ನು ಎರಡು ಸಾಲಿನಲ್ಲಿ ಬರೆದು ಮುಗಿಸಿದ್ದಾಳೆ: ಹುಡುಕಲಾಯಿತು, ಕಾಣಲಿಲ್ಲ. ಆಮೇಲೆ ನನಗೆ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ.

ಫೋಟೊವನ್ನು ಈಗಲೂ ದೊಡ್ಡದು ಮಾಡಿ ನೋಡುತ್ತೇನೆ. ಕೆಳಗಿನ ಮೂಲೆಯಲ್ಲಿ ನೀಲಿಯ ಒಂದು ಚೂರು ಇದೆ. ಅದು ತವರಿನ ಹೊರೆ ಕಟ್ಟಿದ ಸೀರೆಯ ಅಂಚೋ, ಅಜ್ಜೀಪುರದ ಆಟೋದಿಂದ ಇಳಿಸಿದ ಟಾರ್ಪಾಲಿನ ತುದಿಯೋ. ದೊಡ್ಡದು ಮಾಡಿದಷ್ಟೂ ಬರೀ ನೀಲಿ ಚೌಕಗಳಾಗಿ ಒಡೆಯುತ್ತದೆ. ಮೂರನೇ ರಾಶಿ ಅದೇ ಭಾನುವಾರ ಅಲ್ಲಿತ್ತೋ, ಮುಂದಿನ ಭಾನುವಾರ ನೋಡಿದ್ದನ್ನು ಇಲ್ಲಿಗೆ ತಂದಿಟ್ಟಿದ್ದೇನೋ, ಅದೂ ಈಗ ಗಟ್ಟಿಯಿಲ್ಲ. ಅತ್ತಿಗೆಯನ್ನು ಮತ್ತೆ ಕೇಳುವ ಮುಖ ನನಗಿಲ್ಲ.

ಓತಿ ಬೆಟ್ಟದ್ದಾಗಿದ್ದರೆ, ನಾನು ಒಂದು ಮಾತು ಹೇಳದೆ ಒಬ್ಬಳನ್ನು ಅಷ್ಟು ದಿನ ಸುಳ್ಳು ಜಾಗದಲ್ಲಿ ಅಲೆಸಿದೆ. ಮುಳ್ಳೂರಿನದ್ದೇ ಆಗಿದ್ದರೆ, ಇದ್ದ ಪ್ರಾಣಿಯನ್ನು ನನ್ನ ಮೌನದಿಂದ ನಕ್ಷೆಯಿಂದ ಅಳಿಸಿದೆ. ಎರಡರಲ್ಲಿ ಯಾವುದನ್ನು ಮಾಡಿದೆ ಎಂದು ನನಗೆ ಗೊತ್ತಿಲ್ಲ.