ಬಸ್ಸಿನಿಂದ ನಾನು ಇಳಿಯಲಿಲ್ಲ

ಇಪ್ಪತ್ತರ ವಯಸ್ಸಿನಲ್ಲಿ ನನಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯವಿತ್ತು. ಮೀಸಲಾತಿ, ಮದುವೆಯ ಆಡಂಬರ, ಹುಡುಗಿಯರ ಉಡುಪು, ಟಿ.ವಿ.ಯಲ್ಲಿ ಕಿರುಚುವವರು, ಯಾವುದನ್ನೂ ಬಿಡುತ್ತಿರಲಿಲ್ಲ. ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ ನಮ್ಮ ಮನೆ, ಕಾಲೇಜು ಮೂಡುಬಿದಿರೆಯಲ್ಲಿ. ಹೋಗಿ ಬರುವ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಉದ್ದುದ್ದ ಬರೆದು ಹಾಕುತ್ತಿದ್ದೆ. ಬೆಳ್ತಂಗಡಿ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅಪ್ಪ, ಬಟ್ಟೆ ಹೊಲಿಸಲು ಬಂದವರಿಗೆ ಅದನ್ನೆಲ್ಲ ತೋರಿಸುತ್ತಿದ್ದರು. "ನನ್ನ ಮಗಳು ಬರೆದದ್ದು, ಓದಿ ನೋಡಿ" ಎನ್ನುತ್ತಿದ್ದರು. ಅಮ್ಮನಿಗೆ ಅದು ಹಿಡಿಸುತ್ತಿರಲಿಲ್ಲ. "ನಾಳೆ ಏನಾದರೂ ಆದರೆ ಇವರೆಲ್ಲ ಬರ್ತಾರಾ?" ಎಂದು ಕೇಳುತ್ತಿದ್ದಳು. ಮನೆಯಲ್ಲಿ ನಾವು ಮಾತಾಡುವುದು ತುಳು. ಅಮ್ಮ ಅದನ್ನು ತುಳುವಿನಲ್ಲಿ ಹೇಳಿದಾಗ ಇನ್ನೂ ಒರಟಾಗಿ ಕೇಳಿಸುತ್ತಿತ್ತು.

ಎರಡನೆಯ ವರ್ಷದಲ್ಲಿ ನಮಗೊಂದು ಪ್ರಾಜೆಕ್ಟ್ ಕೊಟ್ಟರು. ಅಡಿಕೆ ಬೆಳೆಗಾರರನ್ನು ಕಂಡು ಮಾತಾಡಿಸಿ ವರದಿ ಬರೆಯಬೇಕು. ಹಾಜರಿ ಪಟ್ಟಿಯಲ್ಲಿ ಹತ್ತಿರ ಹತ್ತಿರ ಇದ್ದ ಮೂವರದು ಒಂದು ಗುಂಪು: ನಾನು, ಬೆಳುವಾಯಿಯ ಜೈನರ ಮನೆಯ ಒಬ್ಬ ಹುಡುಗಿ, ತೋಡಾರಿನ ಬ್ಯಾರಿ ಮುಸ್ಲಿಮರ ಮನೆಯ ಒಬ್ಬ ಹುಡುಗ. ಅವನ ತಂದೆ ಗಲ್ಫ್‌ನಲ್ಲಿದ್ದರು. ಮನೆಯಲ್ಲಿ ಉಮ್ಮ ಮತ್ತು ಇಬ್ಬರು ತಂಗಿಯರು. ಅವನಿಗೆ ನನ್ನ ಬರಹಗಳನ್ನು ಕಂಡರೆ ನಗು. "ನನ್ನ ಹತ್ರ ಅಭಿಪ್ರಾಯ ಎಲ್ಲ ಇಲ್ಲ ಮಾರಾಯ್ತಿ. ಅಟೆಂಡೆನ್ಸ್ ಉಂಟು, ಅಷ್ಟೇ" ಎನ್ನುತ್ತಿದ್ದ.

ಆ ದಿನ ಬೆಳುವಾಯಿಯಲ್ಲಿ ಗೆಳತಿಯ ಅಜ್ಜನನ್ನೂ ಸುತ್ತಲಿನ ನಾಲ್ಕೈದು ಜನರನ್ನೂ ಮಾತಾಡಿಸಿದೆವು. ಅಜ್ಜ ನಮ್ಮ ಮೂವರಿಗೂ ಮಜ್ಜಿಗೆ ಕೊಡಿಸಿದರು. ಗೆಳತಿ ಮನೆಯಲ್ಲೇ ಉಳಿದಳು. ನಾವಿಬ್ಬರು ಮಧ್ಯಾಹ್ನ ಮೂರರ ಸುಮಾರಿಗೆ ಮೂಡುಬಿದಿರೆಯ ಬಸ್ಸು ಹತ್ತಿದೆವು. ಎರಡು ಜನ ಕೂರುವ ಒಂದು ಸೀಟು ಖಾಲಿ ಇತ್ತು. ಕೂತು, ತುಂಬಿಸಿದ ಪ್ರಶ್ನಾವಳಿಗಳನ್ನು ತೊಡೆಯ ಮೇಲಿಟ್ಟು ಲೆಕ್ಕ ಹಾಕತೊಡಗಿದೆವು.

ಮುಂದಿನ ಸ್ಟಾಪಿನಲ್ಲಿ ಇಬ್ಬರು ಹತ್ತಿದರು. ನಮಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಒಬ್ಬ ನಮ್ಮ ಸೀಟಿನ ಕಂಬ ಹಿಡಿದು ನಿಂತ.

"ಹೆಸರೆಂತ ನಿನ್ನದು?" ಎಂದು ನನ್ನ ಪಕ್ಕದಲ್ಲಿದ್ದವನನ್ನು ಕೇಳಿದ.

ಅವನು ಹೇಳಿದ.

"ನಿನ್ನದು?"

ನಾನೂ ಹೇಳಿದೆ. ಏಕೆ ಹೇಳಿದೆ ಎಂದು ಈಗಲೂ ತಿಳಿಯುವುದಿಲ್ಲ. ಶಾಲೆಯಲ್ಲಿ ಮೇಷ್ಟ್ರು ಕೇಳಿದರೆ ಹೇಳುವ ಹಾಗೆ, ಊರಿನ ಹೆಸರನ್ನೂ ಸೇರಿಸಿ ಹೇಳಿದೆ.

"ಮನೆಯಲ್ಲಿ ಗೊತ್ತುಂಟಾ ಇದೆಲ್ಲ?"

"ಕಾಲೇಜಿನ ಕೆಲಸ" ಎಂದೆ.

ಅವನ ಜೊತೆಗಿದ್ದವನು ಡ್ರೈವರಿಗೆ ಕೂಗಿ ಬಸ್ಸು ನಿಲ್ಲಿಸಿದ. "ಇಳಿ" ಎಂದ. ಹೇಳಿದ್ದು ನನಗಲ್ಲ. ನನ್ನ ಸಹಪಾಠಿ ಪ್ರಶ್ನಾವಳಿಗಳನ್ನೆಲ್ಲ ಸರಿಯಾಗಿ ಜೋಡಿಸಿ ನನ್ನ ಕೈಗೆ ಕೊಟ್ಟ. ನನ್ನ ಮುಖ ನೋಡಿ ತಲೆಯನ್ನು ಸ್ವಲ್ಪ ಆಡಿಸಿದ. ನೀನು ಬರಬೇಡ ಎಂದು ಹೇಳಿದ ಹಾಗಿತ್ತು. ಅಥವಾ ನನಗೆ ಹಾಗೆ ಅನ್ನಿಸಬೇಕಿತ್ತು. ಅವನು ಇಳಿದ, ಅವರಿಬ್ಬರೂ ಇಳಿದರು. ಕಂಡಕ್ಟರ್ ಬೇರೆ ಕಡೆ ನೋಡುತ್ತ ಸೀಟಿ ಊದಿದ. ಬಸ್ಸು ಹೊರಡುವಾಗ ಕಿಟಕಿಯಿಂದ ಮೊದಲ ಏಟು ಕಂಡಿತು. ಎಡ ಕೆನ್ನೆಗೆ. ಅವನು ತಡೆಯಲು ಕೈ ಕೂಡ ಎತ್ತಲಿಲ್ಲ. ಹಿಂದಿನ ಸೀಟಿನ ಹೆಂಗಸು ನನ್ನ ಹೆಗಲು ಮುಟ್ಟಿ, "ನಿನಗೆ ಬೇಕಿತ್ತಾ ಮಗಾ ಇದು?" ಎಂದಳು. ಮೂಡುಬಿದಿರೆ ಬಂದಾಗ ಇಳಿದು, ಬೆಳ್ತಂಗಡಿಯ ಬಸ್ಸು ಹಿಡಿದು ಮನೆಗೆ ಹೋದೆ.

ಎರಡು ದಿನ ಬಿಟ್ಟು ಅವನು ಕಾಲೇಜಿಗೆ ಬಂದ. ತುಟಿ ಊದಿತ್ತು.

"ಕಂಪ್ಲೇಂಟ್ ಕೊಡುವ" ಎಂದೆ. "ನಾನು ಸಾಕ್ಷಿ ಹೇಳ್ತೇನೆ."

"ಕೊಟ್ರೆ ಮರುದಿನ ಅದೇ ರಸ್ತೆಯಲ್ಲಿ ಹೋಗುವುದು ಯಾರು? ನಾನೇ ಅಲ್ವಾ?" ಎಂದ. "ಮನೆಯಲ್ಲಿ ಬೈಕಿನಿಂದ ಬಿದ್ದೆ ಅಂತ ಹೇಳಿದ್ದೇನೆ. ಅಬ್ಬನಿಗೆ ಗೊತ್ತಾದ್ರೆ ಅಲ್ಲಿ ಕೆಲಸ ಬಿಟ್ಟು ಬರ್ತಾರೆ. ನೀನು ಯಾರಿಗೂ ಹೇಳ್ಬೇಡ."

"ಹೇಳುವುದಿಲ್ಲ" ಎಂದೆ.

ಆಮೇಲೆ ಅವನು ನನ್ನ ಪಕ್ಕ ಕೂರಲಿಲ್ಲ. ವರದಿಯನ್ನು ಅವನ ಪಾಲು ಅವನು, ನನ್ನ ಪಾಲು ನಾನು ಬರೆದು ಮುಗಿಸಿದೆವು. ನನಗೆ ಒಳಗೊಳಗೇ ಸಮಾಧಾನವೂ ಆಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಅವನು ದೂರ ಇದ್ದರೆ ಆ ಬಸ್ಸಿನ ನೆನಪೂ ದೂರ ಇರುತ್ತಿತ್ತು.

ಅಂತಿಮ ವರ್ಷದಲ್ಲಿ ಬಂಟ್ವಾಳದ ಒಂದು ಕಾಲೇಜಿನಲ್ಲಿ ಭಾಷಣ ಸ್ಪರ್ಧೆ ಇತ್ತು. ಇಂದಿನ ಸಮಾಜದ ಬಗ್ಗೆ ಯುವಜನರು ಏನೆನ್ನುತ್ತಾರೆ ಎಂಬುದು ವಿಷಯ. ನಾನು ನಾಲ್ಕು ಪುಟ ಬರೆದು ಬಾಯಿಪಾಠ ಮಾಡಿದ್ದೆ. ಅದರಲ್ಲಿ ಅವನ ಕಥೆ ಇರಲಿಲ್ಲ. ಆದರೆ ನನಗಿಂತ ಮೊದಲು ಮಾತಾಡಿದ ಹುಡುಗ ಸಭೆಯನ್ನು ನಗಿಸಿ, ಚಪ್ಪಾಳೆ ಹೊಡೆಸಿ ಹೋದ. ನಾನು ಸಂವಿಧಾನ, ಸಹಬಾಳ್ವೆ ಎಂದು ಆರಂಭಿಸಿದಾಗ ಮುಂದಿನ ಸಾಲಿನವರು ಮೊಬೈಲ್ ನೋಡುತ್ತಿದ್ದರು. ಎರಡು ನಿಮಿಷ ಕಳೆಯಿತು. ಆಗ, ಯೋಚನೆಯೇ ಇಲ್ಲದೆ, "ಬೆಳುವಾಯಿಯಿಂದ ಬರುವ ಬಸ್ಸಿನಲ್ಲಿ ಒಂದು ದಿನ" ಎಂದು ಶುರುಮಾಡಿಬಿಟ್ಟೆ.

ತಲೆಗಳು ಮೇಲೆದ್ದವು. ಹೆಸರು ಹೇಳಲಿಲ್ಲ. ನನ್ನ ಸಹಪಾಠಿ, ತೋಡಾರಿನವನು ಎಂದೆ. ಸೀಟಿನ ಕಂಬ, ಹೆಸರು ಕೇಳಿದ್ದು, ಇಳಿಸಿದ್ದು, ಹೊಡೆದದ್ದು, ಎಲ್ಲವನ್ನೂ ಇದ್ದ ಹಾಗೇ ಹೇಳಿದೆ. "ಆಗ ನಾನು" ಎಂಬಲ್ಲಿಗೆ ಬಂದಾಗ ಮುನ್ನೂರು ಜನ ನನ್ನನ್ನೇ ನೋಡುತ್ತಿದ್ದರು.

"ನಾನೂ ಇಳಿದೆ" ಎಂದೆ. "ಇಳಿದು ಅವರ ಎದುರು ನಿಂತು ಕೇಳಿದೆ, ಇವನ ಹೆಸರು ಕೇಳಲು ನೀವು ಯಾರು?"

ಚಪ್ಪಾಳೆ ನಿಲ್ಲಲು ತುಂಬ ಹೊತ್ತಾಯಿತು. ಮೊದಲ ಬಹುಮಾನ ಬಂತು. ತೀರ್ಪುಗಾರರಲ್ಲಿ ಒಬ್ಬರು, ನಿವೃತ್ತ ಅಧ್ಯಾಪಕಿ, ನನ್ನ ಕೈ ಹಿಡಿದು, "ಇದು ನಿಜವಾಗಿ ಆದದ್ದಾ ಮಗಾ?" ಎಂದು ಕೇಳಿದರು.

"ಹೌದು ಮೇಡಂ."

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಮರುದಿನ ಬೆಳಿಗ್ಗೆ ಅದು ನನ್ನ ಮೊಬೈಲಿಗೂ ಬಂತು, ಅಪ್ಪನ ಮೊಬೈಲಿಗೂ ಬಂತು. ಒಂದು ದಿನ ಪೂರ್ತಿ ನಾನು ಖುಷಿಯಲ್ಲಿದ್ದೆ. ಗುರುತಿಲ್ಲದವರೆಲ್ಲ ಧೈರ್ಯವಂತೆ ಎಂದು ಬರೆದಿದ್ದರು. ಅವನಿಗೆ ಫೋನ್ ಮಾಡಬೇಕು ಎಂದು ಅನ್ನಿಸಿತು. ಮಾಡಲಿಲ್ಲ. ಮಾಡಿದರೆ ಅವನು ಏನು ಹೇಳುತ್ತಾನೆ ಎಂದು ಗೊತ್ತಿತ್ತು.

ಮೂರನೆಯ ದಿನ ಬೇರೊಂದು ಹರಿದಾಡಿತು. ಆ ಬಸ್ಸಿನ ಕಂಡಕ್ಟರಿನ ಧ್ವನಿ. "ಆ ಹುಡುಗಿ ಇಳಿಯಲೇ ಇಲ್ಲ. ಮೂಡುಬಿದಿರೆವರೆಗೆ ನನ್ನ ಬಸ್ಸಿನಲ್ಲೇ ಕೂತಿದ್ದಳು. ಎಲ್ಲ ಕಟ್ಟಿದ ಕಥೆ ಅಣ್ಣ" ಎನ್ನುತ್ತಿದ್ದ. ಅವನು ಹೇಳಿದ್ದರಲ್ಲಿ ಮೊದಲ ಎರಡು ಮಾತು ನಿಜ. ಆ ಎರಡು ನಿಜದ ಬಲದಿಂದ ಮೂರನೆಯದೂ ನಿಂತುಕೊಂಡಿತು. ಸಂಜೆಯ ಹೊತ್ತಿಗೆ ಎಲ್ಲರೂ ಅದನ್ನೇ ಹೇಳುತ್ತಿದ್ದರು: ಇಳಿದದ್ದು ಸುಳ್ಳಾದರೆ ಹೊಡೆದದ್ದೂ ಸುಳ್ಳು. ಊರಿಗೆ ಕೆಟ್ಟ ಹೆಸರು ತರಲು ಇಬ್ಬರೂ ಸೇರಿ ಮಾಡಿದ ನಾಟಕ. ತೋಡಾರಿನ ಆ ಹುಡುಗ ಯಾರು ಎಂದು ಹುಡುಕಲು ಅವರಿಗೆ ಅರ್ಧ ದಿನವೂ ಬೇಕಾಗಲಿಲ್ಲ. ನಮ್ಮ ತರಗತಿಯ ಫೋಟೋದಲ್ಲಿ ಅವನ ತಲೆಯ ಸುತ್ತ ಕೆಂಪು ವೃತ್ತ ಎಳೆದು ಹಂಚಿದರು.

ಪ್ರಾಂಶುಪಾಲರು ನಮ್ಮಿಬ್ಬರನ್ನೂ ಕರೆಸಿದರು. ಅವರು ಕೆಟ್ಟವರಾಗಿರಲಿಲ್ಲ, ಹೆದರಿದ್ದರು. ಒಂದು ಬಿಳಿ ಹಾಳೆಯನ್ನು ಅವನ ಮುಂದಿಟ್ಟು, "ಏನಾಯಿತೋ ಅದನ್ನು ಬರೆದುಕೊಡು. ಆಮೇಲೆ ನೋಡುವ" ಎಂದರು. ಅವನು ನನ್ನ ಕಡೆ ನೋಡದೆ ಒಂದೇ ಸಾಲು ಬರೆದ. ನಾನು ಕೂತಲ್ಲಿಂದ ಓದಬಹುದಿತ್ತು. 'ಅಂತಹ ಯಾವ ಘಟನೆಯೂ ನಡೆದಿಲ್ಲ.' ಕೆಳಗೆ ಸಹಿ ಹಾಕಿ ಎದ್ದು ಹೋದ.

"ಸರ್, ನಡೆದದ್ದು ನಿಜ" ಎಂದೆ. "ನಾನು ಇಳಿದದ್ದು ಮಾತ್ರ ಸುಳ್ಳು."

ಪ್ರಾಂಶುಪಾಲರು ಹಾಳೆಯನ್ನು ಫೈಲಿನೊಳಗೆ ಸೇರಿಸಿದರು. "ಪೆಟ್ಟು ತಿಂದವನೇ ಇಲ್ಲ ಅಂತ ಬರೆದುಕೊಟ್ಟ ಮೇಲೆ ನೀನು ಹೇಳಿ ಎಂತ ಪ್ರಯೋಜನ?"

ಆ ಭಾನುವಾರ ನಮ್ಮ ಮನೆಗೆ ಊರಿನ ನಾಲ್ವರು ಬಂದರು. ಚಪ್ಪಲಿ ಹೊರಗೆ ಬಿಟ್ಟು, ಅಮ್ಮ ಕೊಟ್ಟ ಚಹಾ ಕುಡಿದರು. ಒಬ್ಬನ ಶಾಲೆಯ ಯೂನಿಫಾರ್ಮನ್ನು ಅಪ್ಪನೇ ಹೊಲಿದು ಕೊಡುತ್ತಿದ್ದರು. "ಅಣ್ಣ, ನಮಗೆ ನಿಮ್ಮ ಮೇಲೆ ದ್ವೇಷ ಇಲ್ಲ" ಎಂದ ಅವನು. "ಹುಡುಗಿಯ ಭವಿಷ್ಯದ ವಿಷಯ. ನೀವು ಒಂದು ಸಣ್ಣ ವಿಡಿಯೋ ಮಾಡಿ ಹಾಕಿದ್ರೆ ಇಲ್ಲಿಗೇ ಮುಗೀತದೆ." ಹೇಳಬೇಕಾದ್ದನ್ನು ಅವರೇ ಬರೆದು ತಂದಿದ್ದರು.

ನಾನು ಬಾಗಿಲಿನಲ್ಲಿ ನಿಂತು, "ಅಪ್ಪ, ಬೇಡ" ಎಂದೆ.

"ನೀನು ಒಳಗೆ ಹೋಗು" ಎಂದರು ಅಪ್ಪ.

ಅಂಗಳದಲ್ಲಿ ನಿಂತು ಅಪ್ಪ ಓದಿದರು. ನನ್ನ ಮಗಳು ಬಹುಮಾನದ ಆಸೆಗೆ ಸುಳ್ಳು ಹೇಳಿದ್ದಾಳೆ, ಊರಿನವರು ಕ್ಷಮಿಸಬೇಕು. ಕನ್ನಡ ಓದುವಾಗ ಅಪ್ಪ ತಡವರಿಸುತ್ತಾರೆ. ಮೊದಲ ಸಲ ಸರಿ ಬರಲಿಲ್ಲ ಎಂದು ಎರಡನೆಯ ಸಲ ಓದಿಸಿದರು. ಅವರು ಹೋದ ಮೇಲೆ ಅಪ್ಪ ಲೋಟಗಳನ್ನು ತಾವೇ ಎತ್ತಿ ತೊಳೆದಿಟ್ಟರು. ಮದುವೆಯಾದಂದಿನಿಂದ ಅವರು ಲೋಟ ತೊಳೆದದ್ದನ್ನು ನೋಡಿಲ್ಲ ಎಂದು ಅಮ್ಮ ಆಮೇಲೆ ಹೇಳಿದಳು. ನನ್ನ ಬರಹಗಳನ್ನು ಅವರು ಮತ್ತೆಂದೂ ಯಾರಿಗೂ ತೋರಿಸಲಿಲ್ಲ. ತೋರಿಸಲು ನಾನು ಏನೂ ಬರೆಯಲೂ ಇಲ್ಲ.

ಅವನು ಕಾಲೇಜಿಗೆ ಬರುವುದನ್ನು ನಿಲ್ಲಿಸಿದ. ಕೊನೆಯ ಪರೀಕ್ಷೆಗೆ ಎರಡು ತಿಂಗಳಿತ್ತು. ಬೆಳುವಾಯಿಯ ಗೆಳತಿ ಅವನ ಮನೆಯ ದಾರಿ ಹೇಳಿದಳು. ಜೊತೆಗೆ ಬರಲು ಅವಳ ಮನೆಯಲ್ಲಿ ಬಿಡಲಿಲ್ಲ. ನಾನೊಬ್ಬಳೇ ತೋಡಾರಿಗೆ ಹೋದೆ.

ಬಾಗಿಲು ತೆಗೆದದ್ದು ಅವನ ಉಮ್ಮ. ನಾನು ಯಾರೆಂದು ಅವರಿಗೆ ಮುಖ ನೋಡಿಯೇ ಗೊತ್ತಾಯಿತು, ವಿಡಿಯೋ ನೋಡಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕೂರಿಸಿ, ತುಳುವಿನಲ್ಲಿ ಮೆಲ್ಲಗೆ ಹೇಳಿದರು: "ಬೈಕಿನಿಂದ ಬಿದ್ದೆ ಅಂದಿದ್ದ. ನಾನು ದಿನಾ ಎಣ್ಣೆ ಬಿಸಿ ಮಾಡಿ ಹಚ್ತಿದ್ದೆ. ಬೈಕ್ ಜೋರಾಗಿ ಬಿಡಬೇಡ ಅಂತ ಬೈತಿದ್ದೆ. ಎಡಗಿವಿ ಸರಿ ಕೇಳುವುದಿಲ್ಲ ಅವನಿಗೆ ಈಗಲೂ. ಡಾಕ್ಟರ ಹತ್ರವೂ ಬಿದ್ದದ್ದು ಅಂತಲೇ ಹೇಳಿದ್ದೇವೆ."

ಅವನು ಹೊರಗೆ ಬಂದ. ಜಗಲಿಯಲ್ಲಿ ನಿಂತೇ ಮಾತಾಡಿದ.

"ಮಾವ ವೀಸಾ ಕಳಿಸಿದ್ದಾರೆ. ಸೂಪರ್‌ಮಾರ್ಕೆಟಿನಲ್ಲಿ ಕೆಲಸ" ಎಂದ.

"ಪರೀಕ್ಷೆ?"

"ನೀನೇ ಹೇಳು, ಯಾವ ಬಸ್ಸಿನಲ್ಲಿ ಬರಲಿ?"

ನನಗೆ ಅಳು ಬಂತು. "ಅವತ್ತು ನಾನು ಇಳಿಯಬೇಕಿತ್ತು" ಎಂದೆ.

"ನೀನು ಇಳಿಯಲಿಲ್ಲ ಅಂತ ನನಗೆ ಬೇಸರ ಇರಲಿಲ್ಲ" ಎಂದ. ಸ್ವರ ಏರಿಸಲಿಲ್ಲ. "ಇಳಿದಿದ್ರೆ ನಿನಗೂ ಪೆಟ್ಟು ಬೀಳ್ತಿತ್ತು. ಆದ್ರೆ ಅದು ನನ್ನ ಪೆಟ್ಟು. ಹೇಳುವುದಾ ಬಿಡುವುದಾ ಅಂತ ನೀನು ನನ್ನನ್ನು ಕೇಳಬೇಕಿತ್ತು. ನಿನ್ನ ಅಭಿಪ್ರಾಯ ಎಲ್ಲರಿಗೂ ಹೇಳಿದೆ. ನನ್ನದು ಎಂತ ಅಂತ ಒಮ್ಮೆ ಕೇಳಿದ್ದೀಯಾ?"

ಉಮ್ಮ ಒಳಗಿನಿಂದ ಚಹಾ ತಂದರು. ಕುಡಿಯದೆ ಏಳಲು ಮನಸ್ಸು ಬರಲಿಲ್ಲ. ಕುಡಿದು, ಲೋಟ ಇಟ್ಟು ಹೊರಟೆ. ಮುಂದಿನ ತಿಂಗಳು ಅವನು ಹೋದ.

ಈಗ ನಾನು ಬಂಟ್ವಾಳದಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ರೇಷನ್ ಕಾರ್ಡ್, ಪಿಂಚಣಿ, ಜಾತಿ ಪ್ರಮಾಣಪತ್ರ. ಕಳೆದ ವರ್ಷ ಒಬ್ಬ ತನ್ನ ತಾಯಿಯ ಪಿಂಚಣಿ ಅರ್ಜಿ ಹಿಡಿದು ಬಂದ. ಬಸ್ಸಿನಲ್ಲಿ ಕಂಬ ಹಿಡಿದು ನಿಂತವನು. ಅವನಿಗೆ ನನ್ನ ಗುರುತು ಸಿಗಲಿಲ್ಲ. ತಾಯಿಯ ಬೆರಳಚ್ಚು ಯಂತ್ರದಲ್ಲಿ ಮೂಡುತ್ತಿರಲಿಲ್ಲ. ಅವನು ಆ ಮುದುಕಿಯ ಬೆರಳನ್ನು ತನ್ನ ಅಂಗಿಯ ಅಂಚಿನಿಂದ ಒರೆಸಿ ಒರೆಸಿ ಇಟ್ಟ. ಅರ್ಜಿ ತುಂಬಿ ಕೊಟ್ಟೆ. "ಉಪಕಾರ ಆಯ್ತು ಅಕ್ಕ" ಎಂದು ಹೋದ. ಆಗ ಏನಾದರೂ ಹೇಳಬಹುದಿತ್ತು. ಅಂಗಡಿಯಲ್ಲಿ ಆರು ಜನ ಕಾಯುತ್ತಿದ್ದರು. ನಾನು ಮುಂದಿನವರನ್ನು ಕರೆದೆ.

ಇದನ್ನು ಬರೆಯಬೇಕೆಂದು ಅನ್ನಿಸಿದ್ದು ಆ ದಿನವೇ. ಈ ಸಲ ಮೊದಲು ನನ್ನ ಸಹಪಾಠಿಯನ್ನು ಕೇಳಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಾನು ಇಳಿಯದೆ ಕೂತದ್ದನ್ನೂ ಬರೆಯುತ್ತೇನೆ, ನೀನು ಬೇಡ ಎಂದರೆ ಬರೆಯುವುದಿಲ್ಲ ಎಂದು ಸಂದೇಶ ಕಳಿಸಿದೆ. ಅವನು ಓದಿದ್ದು ಕಂಡಿತು. ಹನ್ನೊಂದು ದಿನ ಉತ್ತರವಿಲ್ಲ. ಹನ್ನೆರಡನೆಯ ದಿನ ಬಂತು.

"ಬರಿ. ಹೆಸರು ಹಾಕಬೇಡ. ತಂಗಿಗೆ ಗಂಡು ನೋಡ್ತಿದ್ದಾರೆ, ಅದು ಮುಗಿದ ಮೇಲೆ ಅಚ್ಚಿಗೆ ಕೊಡು."

ತಂಗಿಯ ಮದುವೆ ಕಳೆದ ತಿಂಗಳು ಆಯಿತು. ಅವನಿಗೆ ರಜೆ ಸಿಗಲಿಲ್ಲವಂತೆ, ಮೊಬೈಲಿನಲ್ಲಿ ನೋಡಿದನಂತೆ. ನನಗೆ ಮದುವೆಯ ಕರೆ ಇರಲಿಲ್ಲ. ಇದನ್ನು ನನಗೆ ಹೇಳಿದ್ದು ಬೆಳುವಾಯಿಯ ಗೆಳತಿ.